ಕಾರಿನ ಕಿಟಕಿಗೆ ತೂಗುವ ಟ್ರೇ: ಅಮೆರಿಕದ ಹಳೆಯ ಡ್ರೈವ್-ಇನ್‌ನಲ್ಲಿ ಗೆಳೆಯರ ಜೊತೆ ಊಟ ಮಾಡುವ ಬಗೆ

ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಮೊದಲ ಸಲ ಡ್ರೈವ್-ಇನ್ ಹೋಟೆಲಿಗೆ ಹೋದಾಗ ನಾವು ನಾಲ್ವರು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಕಾರಿನಿಂದ ಇಳಿದೆವು. ಇಳಿದು ಬಾಗಿಲು ಹುಡುಕಿದೆವು. ಕಟ್ಟಡಕ್ಕೆ ಒಂದು ಪ್ರದಕ್ಷಿಣೆ ಹಾಕಿದರೂ ಗಿರಾಕಿಗಳು ಒಳಗೆ ಹೋಗುವ ಬಾಗಿಲು ಕಾಣಲಿಲ್ಲ. ಅಷ್ಟರಲ್ಲಿ ಹುಡುಗನೊಬ್ಬ ಓಡಿಬಂದ. ನಡೆದುಕೊಂಡು ಬರಲಿಲ್ಲ, ನಿಜವಾಗಿಯೂ ಓಡಿಬಂದ. ಏದುಸಿರು ಬಿಡುತ್ತಲೇ ನಕ್ಕು, ಕಾರಿನಲ್ಲೇ ಕುಳಿತಿರಿ, ನಾನೇ ಬರುತ್ತೇನೆ ಎಂದ. ಮದುವೆ ಮನೆಯಲ್ಲಿ ಪಂಕ್ತಿ ಬಿಟ್ಟು ಅಡುಗೆಯವರ ನಡುವೆ ನುಗ್ಗಿದವರಂತೆ ನಾಚಿಕೊಂಡು ವಾಪಸ್ಸು ಬಂದು ಕುಳಿತೆವು.

ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಊರಿನಿಂದ ಬಂದ ಗೆಳೆಯರನ್ನು, ಗೆಳೆಯರ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗಿದ್ದೇನೆ. ಎಲ್ಲರೂ ಎಡವುವುದು ಹೆಚ್ಚುಕಡಿಮೆ ಅದೇ ನಾಲ್ಕಾರು ಜಾಗಗಳಲ್ಲಿ. ಮೊದಲ ಸಲ ಹೋಗುವವರಿಗೆ ನೆರವಾಗಲೆಂದು ಇದನ್ನು ಬರೆದಿದ್ದೇನೆ.

ಹೊರಡುವ ಮುನ್ನ: ಎಲ್ಲಿಗೆ ಹೋಗುತ್ತಿದ್ದೀರಿ ಎಂದು ತಿಳಿದಿರಲಿ

ಡ್ರೈವ್-ಇನ್ ಬೇರೆ, ಡ್ರೈವ್-ಥ್ರೂ ಬೇರೆ. ಕಿಟಕಿಯ ಬಳಿ ಕಾರು ನಿಧಾನಿಸಿ, ಪೊಟ್ಟಣ ಇಸಿದುಕೊಂಡು, ಹಿಂದಿನವನು ಹಾರ್ನ್ ಮಾಡುವ ಮೊದಲೇ ಜಾಗ ಖಾಲಿ ಮಾಡುವುದು ಡ್ರೈವ್-ಥ್ರೂ. ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ತರಿಸಿಕೊಂಡು, ಅಲ್ಲೇ ಹರಟುತ್ತಾ ತಿಂದು ಮುಗಿಸುವುದು ಡ್ರೈವ್-ಇನ್. ಕಾರಿನಲ್ಲಿ ಕುಳಿತು ಸಿನಿಮಾ ನೋಡುವ ಜಾಗಕ್ಕೂ ಡ್ರೈವ್-ಇನ್ ಎಂದೇ ಹೆಸರು. ನಕ್ಷೆಯಲ್ಲಿ ಹುಡುಕುವಾಗ ಅದನ್ನೊಂದು ನೋಡಿಕೊಳ್ಳಿ. ಹಸಿದ ಹೊಟ್ಟೆಯಲ್ಲಿ ಹಗಲು ಮೂರು ಗಂಟೆಗೆ ಖಾಲಿ ಮೈದಾನದ ಬಿಳಿ ಪರದೆಯ ಮುಂದೆ ನಿಂತವರನ್ನು ನಾನು ಬಲ್ಲೆ.

ಬೆಂಗಳೂರಿನ ಏರ್‌ಲೈನ್ಸ್ ಹೋಟೆಲಿನ ಮರದ ನೆರಳಲ್ಲಿ ಕಾರಿನೊಳಗೇ ಕುಳಿತು ದೋಸೆ ತಿಂದವರಿಗೆ ಇದರ ಅರ್ಧ ಪಾಠ ಆಗಲೇ ಆಗಿದೆ. ಮದರಾಸಿನಲ್ಲಿ 1962ರಿಂದ 2008ರವರೆಗೆ ನಡೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಕೂಡ ನಮ್ಮ ಕರಾವಳಿಯಿಂದ ಹೋದ ಕೆ. ಕೃಷ್ಣರಾಯರ ಸಂಸ್ಥೆಯದ್ದೇ. ಆದರೆ ಈ ಪದ್ಧತಿಯ ತವರು ಟೆಕ್ಸಾಸ್. 1921ರಲ್ಲಿ ಜೆಸ್ಸಿ ಕರ್ಬಿ ಎಂಬ ಹೊಗೆಸೊಪ್ಪು ಮತ್ತು ಮಿಠಾಯಿಯ ಸಗಟು ವ್ಯಾಪಾರಿ ರೂಬೆನ್ ಜಾಕ್ಸನ್ ಎಂಬ ವೈದ್ಯರನ್ನು ಜೊತೆಗೆ ಹಾಕಿಕೊಂಡು ಡಲ್ಲಾಸ್ ಬಳಿಯ ಹೆದ್ದಾರಿಯಲ್ಲಿ ಪಿಗ್ ಸ್ಟ್ಯಾಂಡ್ ತೆರೆದ. ಕಾರು ಕೊಂಡವನಿಗೆ ಅದರಿಂದ ಇಳಿಯುವ ಮನಸ್ಸಿರುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಹೊಸ ಕಾರು ತಂದ ನಮ್ಮ ಮಾವಂದಿರನ್ನು ನೋಡಿದವರು ಅದನ್ನು ತಪ್ಪೆನ್ನಲಾರರು. ಕಾರು ಬಂದೊಡನೆ ಹುಡುಗರು ಓಡಿಹೋಗಿ, ಅದು ನಿಲ್ಲುವ ಮೊದಲೇ ಪಕ್ಕದ ಮೆಟ್ಟಿಲಿಗೆ ಹಾರಿ ಆರ್ಡರ್ ತೆಗೆದುಕೊಳ್ಳುತ್ತಿದ್ದರಂತೆ. ಅವರಿಗೆ ಕಾರ್‌ಹಾಪ್ ಎಂಬ ಹೆಸರು ಬಂದದ್ದು ಆ ಜಿಗಿತದಿಂದಲೇ ಎಂದು ಹೇಳುತ್ತಾರೆ.

ಊರೂರಿಗೂ ಇದ್ದ ಇಂಥ ಹೋಟೆಲುಗಳು ಈಗ ಅಲ್ಲೊಂದು ಇಲ್ಲೊಂದು ಉಳಿದಿರುವುದಕ್ಕೆ ಒಂದು ದೊಡ್ಡ ಕಾರಣ ನೀವು ಬಲ್ಲ ಹೆಸರೇ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸೋದರರು 1940ರಲ್ಲಿ ತೆರೆದದ್ದು ಕಾರ್‌ಹಾಪ್‌ಗಳಿದ್ದ ಡ್ರೈವ್-ಇನ್. 1948ರಲ್ಲಿ ಅದನ್ನು ಕೆಲವು ತಿಂಗಳು ಮುಚ್ಚಿದರು. ಕಾರ್‌ಹಾಪ್‌ಗಳನ್ನು ಬಿಡಿಸಿದರು, ತಟ್ಟೆ ಲೋಟಗಳನ್ನು ತೆಗೆದು ಕಾಗದ ತಂದರು, ಗಿರಾಕಿಯೇ ಕಿಟಕಿಗೆ ಬರಲಿ ಎಂದರು. ಹ್ಯಾಂಬರ್ಗರಿನ ಬೆಲೆ 15 ಸೆಂಟ್. ಆ ಲೆಕ್ಕದ ಮುಂದೆ ಟ್ರೇ ಹೊತ್ತು ಓಡುವವರನ್ನು ಇಟ್ಟುಕೊಂಡ ಹೋಟೆಲಿನವನು ಲಾಭ ಗಿಟ್ಟಿಸುವುದು ಕಷ್ಟವಾಯಿತು.

ಜಾಗ ಆರಿಸುವುದು

ಉಳಿದಿರುವವುಗಳಲ್ಲಿ ಮೂರು ಬಗೆ. ಬಗೆ ತಿಳಿಯದೆ ಹೋದರೆ ನಿರಾಸೆಯಾಗುತ್ತದೆ.

ಮೊದಲನೆಯದು, ಕಾರಿನ ಮುಂದಿನ ಲೈಟ್ ಹಾಕಿ ಕಾರ್‌ಹಾಪ್‌ಗಳನ್ನು ಕರೆಯುವ ಬಗೆ. ಆಕ್ರನ್‌ನ ಸ್ವೆನ್ಸನ್ಸ್ ಇಂಥದ್ದು. ಶುರುವಾದದ್ದು 1934ರಲ್ಲಿ. ಗುಡ್‌ಇಯರ್, ಫೈರ್‌ಸ್ಟೋನ್ ಕಂಪನಿಗಳು ಹುಟ್ಟಿದ ಟೈರಿನ ಊರದು. ಕಾರಿನಿಂದ ಹೊಟ್ಟೆ ಹೊರೆಯುತ್ತಿದ್ದ ಊರು ಕಾರಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದನ್ನೂ ಕಲಿತಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ಕಾರ್‌ಹಾಪ್‌ಗಳು ಇಂದಿಗೂ ಓಡುತ್ತಾರೆ, ಮಳೆಯಲ್ಲೂ ಹಿಮದಲ್ಲೂ.

ಎರಡನೆಯದು, ಸ್ಪೀಕರಿನ ಬಗೆ. ನಿಮ್ಮ ಕಾರು ನಿಂತ ಅಂಕಣದಲ್ಲೇ ಮೆನು ಫಲಕ, ಗುಂಡಿ, ಮಾತಾಡುವ ಪೆಟ್ಟಿಗೆ ಇರುತ್ತವೆ. ಒತ್ತಿ ಹೇಳಿದರೆ ತಿಂಡಿ ಬರುತ್ತದೆ. ಷಿಕಾಗೋದ ಸೂಪರ್‌ಡಾಗ್ 1948ರದ್ದು. ಮಾಡಿನ ಮೇಲೆ ಹಾಟ್ ಡಾಗಿನ ಎರಡು ದೈತ್ಯ ಬೊಂಬೆಗಳು, ಗಂಡೊಂದು ಹೆಣ್ಣೊಂದು, ಒಂದನ್ನೊಂದು ನೋಡುತ್ತಾ ನಿಂತಿವೆ. ಸಾನಿಕ್ ಇದೇ ಬಗೆಯ ದೊಡ್ಡ ಸರಪಳಿ. 1953ರಲ್ಲಿ ಓಕ್ಲಹೋಮಾದ ಷಾನಿಯಲ್ಲಿ ಟ್ರಾಯ್ ಸ್ಮಿತ್ ಟಾಪ್ ಹ್ಯಾಟ್ ಎಂಬ ಹೆಸರಿನಲ್ಲಿ ಆರಂಭಿಸಿದ್ದು, ಈಗ 3000ಕ್ಕೂ ಹೆಚ್ಚು ಕಡೆ ಇದೆ. ಕೆಲವು ಕಡೆ ಕಾರ್‌ಹಾಪ್‌ಗಳು ಚಕ್ರದ ಬೂಟು ಹಾಕಿಕೊಂಡು ತೇಲುತ್ತಾ ಬರುತ್ತಾರೆ. ಹತ್ತಿರದಲ್ಲಿ ಹಳೆಯ ಡ್ರೈವ್-ಇನ್ ಒಂದೂ ಇಲ್ಲದವರಿಗೆ ಇದು ಸುಲಭದ ದಾರಿ. ಆದರೆ ಹಳೆಯದರ ರುಚಿ ಹುಡುಕಿಕೊಂಡು ನೂರು ಮೈಲಿ ಬಂದವರನ್ನು ಇಲ್ಲಿಗೆ ಕರೆದೊಯ್ಯಬೇಡಿ.

ಮೂರನೆಯದು ಹೆಸರಿಗಷ್ಟೇ ಡ್ರೈವ್-ಇನ್. ಕಾರು ನಿಲ್ಲಿಸಿ, ನೀವೇ ನಡೆದು ಹೋಗಿ ಕಿಟಕಿಯಲ್ಲಿ ಕೊಳ್ಳಬೇಕು. ಸಿಯಾಟಲಿನ ಡಿಕ್ಸ್ 1954ರಿಂದ ಹೀಗೆಯೇ ನಡೆದಿದೆ. ಮೆನು ಚಿಕ್ಕದು, ಅದು ಬೇಡ ಇದು ಹಾಕಿ ಎಂಬ ಮಾರ್ಪಾಡುಗಳಿಗೆ ಅವಕಾಶವಿಲ್ಲ, ಕೆಚಪ್‌ಗೂ ಪ್ರತ್ಯೇಕ ಕಾಸು. ಸಾಫ್ಟ್‌ವೇರ್ ಕೆಲಸಕ್ಕೆ ಸಿಯಾಟಲಿಗೆ ಹೋದ ನಮ್ಮ ಹುಡುಗರಲ್ಲಿ ಇದರ ಭಕ್ತರಿದ್ದಾರೆ. ನಾನು ವಾದ ಮಾಡುವುದಿಲ್ಲ. ಆದರೆ ಟ್ರೇ ಕಿಟಕಿಗೆ ತೂಗದಿದ್ದರೆ ನನ್ನ ಮಟ್ಟಿಗೆ ಅದು ಡ್ರೈವ್-ಇನ್ ಅಲ್ಲ.

ಲಾಸ್ ಏಂಜಲೀಸ್ ಕಡೆಯವರಾದರೆ ಬರ್ಬ್ಯಾಂಕ್‌ನ ಬಾಬ್ಸ್ ಬಿಗ್ ಬಾಯ್ ಇದೆ, 1949ರ ಕಟ್ಟಡ. ಇದು ಮಾಮೂಲಿಯಾಗಿ ಒಳಗೆ ಕುಳಿತು ತಿನ್ನುವ ಹೋಟೆಲು. ವಾರಾಂತ್ಯದ ಸಂಜೆ ಮಾತ್ರ ಕಾರಿಗೆ ತಂದುಕೊಡುವ ಸೇವೆ. ಶುಕ್ರವಾರ ಸಂಜೆ ಹಳೆಯ ಕಾರುಗಳ ಮಾಲೀಕರು ಅಲ್ಲಿ ಸೇರುತ್ತಾರೆ. ಊಟಕ್ಕಿಂತ ಅದೇ ಚೆನ್ನಾಗಿರುತ್ತದೆ.

ಉತ್ತರದ ರಾಜ್ಯಗಳಲ್ಲಿ ಸಣ್ಣ ಡ್ರೈವ್-ಇನ್‌ಗಳು ಚಳಿಗಾಲದಲ್ಲಿ ಮುಚ್ಚಿಬಿಡುತ್ತವೆ. ವಿಸ್ಕಾನ್ಸಿನ್, ಮಿಷಿಗನ್ ಕಡೆ ನವೆಂಬರಿನಲ್ಲಿ ಹೋದರೆ ಬೀಗ ನೋಡಿಕೊಂಡು ಬರಬೇಕಾದೀತು. ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಇವತ್ತು ತೆರೆದಿದೆಯೇ, ಕಾರಿಗೇ ತಂದುಕೊಡುತ್ತೀರಾ, ಕಾರ್ಡ್ ನಡೆಯುತ್ತದೆಯೇ. ಹಳೆಯ ಜಾಗಗಳಲ್ಲಿ ಕೆಲವು ಇಂದಿಗೂ ನಗದನ್ನಷ್ಟೇ ತೆಗೆದುಕೊಳ್ಳುತ್ತವೆ.

ಎಷ್ಟು ಜನ, ಯಾವ ಕಾರು

ಒಂದು ಕಾರಿಗೆ ನಾಲ್ವರು. ಐದನೆಯವನನ್ನು ಹಿಂದಿನ ಸೀಟಿನ ನಡುವೆ ಕೂರಿಸಿದರೆ ಅವನಿಗೆ ಮೊಣಕೈ ಎತ್ತಲು ಜಾಗವಿರುವುದಿಲ್ಲ. ಮಿಲ್ಕ್‌ಶೇಕಿನ ಲೋಟ ಮಗುಚುವುದಿದ್ದರೆ ಅವನ ಕೈಯಲ್ಲೇ ಮಗುಚುತ್ತದೆ. ಎಂಟು ಜನರಿದ್ದರೆ ಎರಡು ಕಾರು ಬೇಕು. ಜನದಟ್ಟಣೆಯ ಶನಿವಾರ ರಾತ್ರಿ ಎರಡು ಕಾರಿಗೆ ಅಕ್ಕಪಕ್ಕ ಜಾಗ ಸಿಗುವುದಿಲ್ಲ, ಆದ್ದರಿಂದ ಸಂಜೆ ಐದರ ಸುಮಾರಿಗೇ ಹೋಗಿಬಿಡಿ. ಅಕ್ಕಪಕ್ಕ ನಿಂತ ಕಾರುಗಳ ನಡುವೆ ಕಿಟಕಿಯಿಂದ ಕಿಟಕಿಗೆ ಹರಟೆ ಹರಿಯುವುದೇ ಈ ಊಟದ ಅರ್ಧ ಸುಖ.

ಕಾರು ಗೆಳೆಯರಲ್ಲಿ ಯಾರದ್ದು ಹಳೆಯದೋ ಅದೇ ಇರಲಿ. ಹೋದ ತಿಂಗಳು ಕೊಂಡ, ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಕಾರಿನ ಮಾಲೀಕನು ಊಟವಿಡೀ ನಿಮ್ಮ ಕೈಯನ್ನೇ ನೋಡುತ್ತಿರುತ್ತಾನೆ. ಹಳೆಯ ಬೆಡ್‌ಶೀಟೊಂದು, ಒದ್ದೆ ಟಿಶ್ಯೂ ಕಟ್ಟೊಂದು, ಕಸಕ್ಕೊಂದು ಚೀಲ, ಒಂದು ಬಾಟಲಿ ನೀರು ಜೊತೆಗಿರಲಿ. ಕೈ ತೊಳೆಯಲು ನಲ್ಲಿ ಸಿಗುತ್ತದೆ ಎಂದು ನಂಬಬೇಡಿ.

ಚಾಲಕನೇ ಬಡಿಸುವವನು

ಯಾರು ಎಲ್ಲಿ ಕೂರಬೇಕು ಎಂಬುದನ್ನು ಹೊರಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಹೇಳಿದರೆ ನಗುತ್ತಾರೆ, ಆದರೆ ಈ ಊಟ ಕೆಡುವುದಿದ್ದರೆ ಕೆಡುವುದು ಇಲ್ಲಿಯೇ.

ಟ್ರೇ ಬಂದು ತೂಗುವುದು ಸಾಮಾನ್ಯವಾಗಿ ಚಾಲಕನ ಕಿಟಕಿಗೆ. ಅಮೆರಿಕದಲ್ಲಿ ಅದು ಎಡಗಡೆ. ಆದ್ದರಿಂದ ಆರ್ಡರ್ ಹೇಳುವವನು ಅವನು, ಹಣ ಕೊಡುವವನು ಅವನು, ಯಾರ ಬರ್ಗರ್ ಯಾವುದು ಎಂದು ಪೊಟ್ಟಣ ಮೂಸಿ ಗುರುತಿಸುವವನು ಅವನು, ಹಿಂದಕ್ಕೆ ಕೈ ಚಾಚಿ ಲೋಟ ದಾಟಿಸುವವನೂ ಅವನೇ. ನಮ್ಮ ಪಂಕ್ತಿ ಊಟದಲ್ಲಿ ಬಡಿಸುವವರಿಗೆ ಕೊನೆಯ ಪಂಕ್ತಿ ಎಂಬ ರೂಢಿ ಇದೆಯಲ್ಲ, ಇಲ್ಲಿಯೂ ಹಾಗೆಯೇ ಆಗುತ್ತದೆ. ಎಲ್ಲರಿಗೂ ಕೊಟ್ಟು ಮುಗಿಸುವಷ್ಟರಲ್ಲಿ ಅವನ ಫ್ರೈಸ್ ತಣ್ಣಗಾಗಿ ಬಾಗಿರುತ್ತವೆ. ಹಸಿವು ತಡೆಯಲಾರದವನನ್ನು ಆ ಸೀಟಿನಲ್ಲಿ ಕೂರಿಸಬೇಡಿ. ಮರೆಗುಳಿಯನ್ನಂತೂ ಬೇಡವೇ ಬೇಡ.

ಚಾಲಕನ ಪಕ್ಕದವನು ಅವನ ಸಹಾಯಕ. ಲೋಟಗಳನ್ನು ಕಾರಿನ ಕಪ್ ಹೋಲ್ಡರ್ ಗುಳಿಗಳಲ್ಲಿ ಇಡುವುದು, ಕೆಚಪ್ ಪೊಟ್ಟಣ ಹರಿದುಕೊಡುವುದು ಅವನ ಕೆಲಸ. ಹಿಂದಿನ ಸೀಟಿನವರು ರಾಜರು. ಅಲ್ಲಿ ಹಿರಿಯರನ್ನು ಕೂರಿಸಿ. ಆರ್ಡರ್ ದೊಡ್ಡದಿದ್ದರೆ ಎದುರು ಬದಿಯ ಕಿಟಕಿಗೆ ಇನ್ನೊಂದು ಟ್ರೇ ಹಾಕುತ್ತೀರಾ ಎಂದು ಕೇಳಿ ನೋಡಬಹುದು. ಅದು ಸಿಕ್ಕರೆ ಚಾಲಕನ ಹೊರೆ ಅರ್ಧವಾಗುತ್ತದೆ.

ನಿಲ್ಲಿಸುವುದು, ಕರೆಯುವುದು

ಗೆರೆಗಳ ನಡುವೆ ನೇರವಾಗಿ ನಿಲ್ಲಿಸಿ. ಎಡಗಡೆ ಟ್ರೇ ಹೊತ್ತವರು ನಡೆದಾಡುವಷ್ಟು ಜಾಗ ಬಿಡಿ. ಎಂಜಿನ್ ಆರಿಸಿ. ಲೈಟ್ ಹಾಕಿ ಕರೆಯುವ ಜಾಗಗಳಲ್ಲಿ ಲೈಟ್ ಉರಿಯುತ್ತಿದ್ದರೆ ಬನ್ನಿ ಎಂದರ್ಥ, ಆರಿದ್ದರೆ ನಮಗೇನೂ ಬೇಡ ಎಂದರ್ಥ. ಹಾರ್ನ್ ಮಾಡಬೇಡಿ. ಚಪ್ಪಾಳೆ ತಟ್ಟುವುದು, ಹಲೋ ಬಾಸ್ ಎಂದು ಕೂಗುವುದು ನಮ್ಮ ಹೋಟೆಲುಗಳಲ್ಲೇ ಚೆನ್ನಲ್ಲ, ಇಲ್ಲಂತೂ ಕೆಟ್ಟದ್ದು.

ಹೊಸ ಕಾರುಗಳಲ್ಲಿ ಒಂದು ತೊಡಕಿದೆ. ಅವುಗಳ ಲೈಟ್ ಕತ್ತಲಾದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ. ಒಮ್ಮೆ ನಮ್ಮ ಕಾರಿನ ಲೈಟ್ ಆರದೆ, ಆರ್ಡರ್ ಕೊಟ್ಟಾದ ಮೇಲೂ ಪಾಪ ಮೂರು ಬೇರೆ ಬೇರೆ ಹುಡುಗರು ಒಬ್ಬರ ಹಿಂದೊಬ್ಬರು ಓಡಿಬಂದು ಏನು ಬೇಕೆಂದು ಕೇಳಿದರು. ಮೂರನೆಯವನಿಗೆ ನಾಚಿಕೆಯಿಂದಲೇ ಇನ್ನೊಂದು ಫ್ರೈಸ್ ಹೇಳಿದೆವು. ಲೈಟಿನ ತಿರುಗುಗುಂಡಿ ಎಲ್ಲಿದೆ, ಸ್ವಯಂಚಾಲಿತದಿಂದ ಅದನ್ನು ಹೊರಗೆ ತರುವುದು ಹೇಗೆ ಎಂದು ಮನೆಯಲ್ಲೇ ನೋಡಿಕೊಂಡು ಹೋಗಿ.

ಏನು ತರಿಸಬೇಕು

ಕಾರ್‌ಹಾಪ್ ಬಂದು ನಿಂತ ಮೇಲೆ ನಾಲ್ವರೂ ಒಟ್ಟಿಗೆ ಮಾತಾಡಬಾರದು. ಅಟ್ಲಾಂಟಾದ ದಿ ವಾರ್ಸಿಟಿ ಎಂಬ 1928ರ ಡ್ರೈವ್-ಇನ್‌ನಲ್ಲಿ, ಏನು ಬೇಕು ಎಂದು ಒಳಗಿನವರು ಕೂಗಿ ಕೇಳುವ ಪ್ರಶ್ನೆಯೇ ಊರಿನ ಗಾದೆಯಂತಾಗಿದೆ. ಆ ಕ್ಷಣಕ್ಕೆ ಉತ್ತರ ನಾಲಿಗೆಯ ತುದಿಯಲ್ಲಿರಬೇಕೆಂಬುದು ಅಲ್ಲಿಯ ಶಿಷ್ಟಾಚಾರ. ಮೊಬೈಲಿನಲ್ಲಿ ಒಂದು ಪಟ್ಟಿ ಬರೆದುಕೊಳ್ಳಿ, ಚಾಲಕನು ಅದನ್ನು ಒಂದೇ ಉಸಿರಿಗೆ ಓದಲಿ. ಬಿಲ್ಲು ಬೇರೆ ಬೇರೆ ಬೇಕಿದ್ದರೆ ಮೊದಲೇ ಹೇಳಿ.

ಮಾಂಸ ತಿನ್ನುವವರಿಗೆ ಚಿಂತೆಯಿಲ್ಲ. ಸ್ವೆನ್ಸನ್ಸ್‌ನಲ್ಲಿ ಗ್ಯಾಲಿ ಬಾಯ್ ಎಂಬ ಎರಡು ಪದರದ, ಎರಡು ಬಗೆಯ ಸಾಸ್ ಹಚ್ಚಿದ, ತಲೆಯ ಮೇಲೆ ಆಲಿವ್ ಕಾಯಿ ಚುಚ್ಚಿದ ಚೀಸ್ ಬರ್ಗರಿದೆ. ಆಕ್ರನ್‌ನವರು ಅದರ ಬಗ್ಗೆ ಮಾತಾಡುವ ಧಾಟಿ ನಮ್ಮವರು ದಾವಣಗೆರೆ ಬೆಣ್ಣೆದೋಸೆಯ ಬಗ್ಗೆ ಮಾತಾಡುವ ಧಾಟಿಯೇ. ದನದ ಮಾಂಸ ತಿನ್ನದವರು ಒಂದು ನೆನಪಿಡಿ: ಹ್ಯಾಂಬರ್ಗರಿನ ಹೆಸರಿನಲ್ಲಿ ಹ್ಯಾಮ್ ಇದ್ದರೂ ಅದು ಹಂದಿಯಲ್ಲ, ದನದ ಮಾಂಸವೇ. ಹೆಸರು ಬಂದದ್ದು ಜರ್ಮನಿಯ ಹ್ಯಾಂಬರ್ಗ್ ಊರಿನಿಂದ. ಕೋಳಿ ಅಥವಾ ಮೀನಿನ ಸ್ಯಾಂಡ್‌ವಿಚ್ ಬಹುತೇಕ ಎಲ್ಲ ಕಡೆಯೂ ಸಿಗುತ್ತದೆ.

ಸಸ್ಯಾಹಾರಿಗಳ ಕಥೆ ಸ್ವಲ್ಪ ಉದ್ದ. ನಮ್ಮ ಗುಂಪಿನಲ್ಲೊಬ್ಬ ಶುದ್ಧ ಸಸ್ಯಾಹಾರಿ ಗೆಳೆಯನಿದ್ದಾನೆ. ಮೆನುವಿನಲ್ಲಿ ಚಿಲಿ ಫ್ರೈಸ್ ಎಂದು ನೋಡಿ, ಆಹಾ, ಆಲೂಗೆಡ್ಡೆಗೆ ಖಾರದ ಪುಡಿ ಉದುರಿಸಿರುತ್ತಾರೆ, ನಾಲಿಗೆಗೆ ಒಂದಿಷ್ಟು ಜೀವ ಬಂದೀತು ಎಂದು ತರಿಸಿದ. ಬಂದದ್ದು ಕೊಚ್ಚಿದ ದನದ ಮಾಂಸದ ಗಟ್ಟಿ ಸಾರು ಸುರಿದ ಫ್ರೈಸ್. ಹೋಟೆಲಿನವರ ತಪ್ಪೇನಿರಲಿಲ್ಲ. ಅಮೆರಿಕದಲ್ಲಿ ಚಿಲಿ ಎಂದರೆ ಮೆಣಸಿನಕಾಯಿಯಲ್ಲ, ಸಾಮಾನ್ಯವಾಗಿ ಮಾಂಸದ ಗೊಜ್ಜು. ಕೋನಿ ಎಂದು ಬರೆದ ಹಾಟ್ ಡಾಗಿನ ಮೇಲೂ ಅದೇ ಜಾತಿಯ ಸಾಸ್ ಇರುತ್ತದೆ. ಪಾಪ, ಅವನು ಆ ರಾತ್ರಿ ಬರೀ ವೆನಿಲ್ಲಾ ಶೇಕ್ ಕುಡಿದು ಮಲಗಿದ.

ಹಾಗಾಗಿ ವೆಜಿಟೇರಿಯನ್ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ನೋ ಮೀಟ್, ನೋ ಚಿಕನ್, ನೋ ಬೇಕನ್ ಎಂದು ಬಿಡಿಸಿ ಹೇಳಿ. ಸಲಾಡಿನ ಮೇಲೂ ಹಂದಿಯ ಬೇಕನ್ ಚೂರು ಉದುರಿಸುವ ನಾಡಿದು. ಫ್ರೈಸ್, ಈರುಳ್ಳಿ ಬಳೆ, ಕರಿದ ಅಣಬೆ, ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ನಿಮ್ಮ ಆಧಾರ. ಸ್ವೆನ್ಸನ್ಸ್‌ನಲ್ಲಿ ಆಲೂಗೆಡ್ಡೆ, ಚೀಸ್, ಹಲಪೆನ್ಯೋ ಮೆಣಸಿನಕಾಯಿ ಸೇರಿಸಿ ಕರಿದ ಟೀಜರ್ಸ್ ಎಂಬುದಿದೆ. ನಮ್ಮ ಆಲೂ ಬೋಂಡಾ ವಿದೇಶಕ್ಕೆ ಹೋಗಿ ಹೆಸರು ಬದಲಿಸಿಕೊಂಡಂತೆ ಇರುತ್ತದೆ, ಚಟ್ನಿಯೊಂದು ಕಡಿಮೆ. ವಿಸ್ಕಾನ್ಸಿನ್ ಕಡೆ ಹೋದರೆ ಕರಿದ ಚೀಸ್ ಕರ್ಡ್ ಬಿಡಬೇಡಿ. ತಾಜಾ ಚೀಸಿನ ಗುಂಡುಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದಿರುತ್ತಾರೆ, ಬಿಸಿಯಿರುವಾಗ ಕಚ್ಚಿದರೆ ನೂಲು ನೂಲಾಗಿ ಬರುತ್ತದೆ.

ಕರಿಯುವ ಎಣ್ಣೆ ಯಾವುದು, ಅದೇ ಎಣ್ಣೆಯಲ್ಲಿ ಕೋಳಿ ಮೀನು ಕರಿಯುತ್ತೀರಾ ಎಂದು ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಕೆಲವು ಹಳೆಯ ಅಡುಗೆಮನೆಗಳಲ್ಲಿ ಇಂದಿಗೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಬರ್ಗರ್ ಸುಡುವ ಕಾವಲಿಯ ಮೇಲೆಯೇ ಚೀಸ್ ಸ್ಯಾಂಡ್‌ವಿಚ್ಚನ್ನೂ ಕಾಯಿಸುವುದು ಸಾಮಾನ್ಯ. ಈರುಳ್ಳಿ ಬಳೆಯ ಹಿಟ್ಟಿನಲ್ಲಿ ಮೊಟ್ಟೆ ಇರಬಹುದು. ಕಟ್ಟುನಿಟ್ಟಿನವರಿಗೆ ನನ್ನ ಸಲಹೆ ಒಂದೇ: ಮನೆಯಲ್ಲಿ ಮೊಸರನ್ನ ಉಂಡು ಬನ್ನಿ, ಇಲ್ಲಿ ಶೇಕ್ ಕುಡಿಯಿರಿ. ಡಬ್ಬಿಯಲ್ಲಿ ಪುಳಿಯೋಗರೆ ತಂದು ಹೋಟೆಲಿನವರ ಅಂಗಳದಲ್ಲಿ ಬಿಚ್ಚಬೇಡಿ. ಅವರು ಏನೂ ಅನ್ನಲಿಕ್ಕಿಲ್ಲ, ಆದರೂ ಬೇಡ.

ಕುಡಿಯುವುದರಲ್ಲಿ ಎರಡು ಮಾತು ಹೇಳಲೇಬೇಕು.

ಒಂದು, ರೂಟ್ ಬಿಯರ್. ಹೆಸರಿನಲ್ಲಿ ಬಿಯರ್ ಇದೆ, ಮದ್ಯವಿಲ್ಲ. ಅತ್ತೆ ಮಾವಂದಿರಿಗೆ ಇದನ್ನು ಮೊದಲೇ ಹೇಳಿ. 1919ರಲ್ಲಿ ಕ್ಯಾಲಿಫೋರ್ನಿಯಾದ ಲೋಡಿಯಲ್ಲಿ ರಾಯ್ ಅಲೆನ್ ಇದನ್ನು ಮಾರಲು ಒಂದು ಗೂಡಂಗಡಿ ತೆರೆದ. ಅದೇ ಮುಂದೆ ಎ ಅಂಡ್ ಡಬ್ಲ್ಯು ಆಗಿ, ಹಿಮಗಟ್ಟಿದ ಗಾಜಿನ ಮಗ್ಗುಗಳಲ್ಲಿ ರೂಟ್ ಬಿಯರ್ ಕೊಡುವ ಡ್ರೈವ್-ಇನ್‌ಗಳ ಸಾಲಾಗಿ ಬೆಳೆಯಿತು. ಮೊದಲ ಗುಟುಕಿಗೆ ನಮ್ಮವರಲ್ಲಿ ಹತ್ತಕ್ಕೆ ಎಂಟು ಜನ ಮುಖ ಕಿವುಚಿ, ಮೊಣಕಾಲಿಗೆ ಹಚ್ಚುವ ಮುಲಾಮಿನ ವಾಸನೆ ಎನ್ನುತ್ತಾರೆ. ಅವರ ಮೂಗು ಸುಳ್ಳು ಹೇಳುತ್ತಿಲ್ಲ. ರೂಟ್ ಬಿಯರಿಗೆ ಹಾಕುವ ವಿಂಟರ್‌ಗ್ರೀನ್ ಪರಿಮಳದ ಮೂಲವಾದ ಮೀಥೈಲ್ ಸ್ಯಾಲಿಸಿಲೇಟ್ ನೋವಿನ ಮುಲಾಮುಗಳಲ್ಲೂ ಇದೆ. ಹಿಂದೆ ಇದರ ಮುಖ್ಯ ರುಚಿ ಸಸಾಫ್ರಾಸ್ ಮರದ ಬೇರಿನದ್ದು. ಆ ಬೇರಿನಲ್ಲಿರುವ ಸ್ಯಾಫ್ರೋಲನ್ನು 1960ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಆಹಾರದಲ್ಲಿ ನಿಷೇಧಿಸಿದ ಮೇಲೆ ಸ್ಯಾಫ್ರೋಲ್ ತೆಗೆದ ಸಾರವೋ ಕೃತಕ ಪರಿಮಳವೋ ಅದರ ಜಾಗಕ್ಕೆ ಬಂದಿದೆ. ಮಲೆನಾಡಿನಲ್ಲಿ ಸೊಗದೆ ಬೇರಿನ ಶರಬತ್ತು ಕುಡಿದು ಬೆಳೆದವರು ಮಾತ್ರ ಬೇಗ ಒಗ್ಗಿಕೊಳ್ಳುತ್ತಾರೆ. ಅದೂ ಬೇರಿನ ಪಾನಕ, ಅದಕ್ಕೂ ಔಷಧಿಯ ಅಂಚೊಂದಿದೆ. ಹೊಸಬರು ಮೊದಲು ರೂಟ್ ಬಿಯರ್ ಫ್ಲೋಟ್ ತರಿಸಿ. ಮೇಲೊಂದು ಮುದ್ದೆ ವೆನಿಲ್ಲಾ ಐಸ್‌ಕ್ರೀಮ್ ತೇಲುತ್ತಿದ್ದರೆ ಮುಲಾಮು ಮರೆತುಹೋಗುತ್ತದೆ.

ಇನ್ನೊಂದು, ಮಾಲ್ಟ್. ಮಿಲ್ಕ್‌ಶೇಕಿಗೆ ಮಾಲ್ಟೆಡ್ ಹಾಲಿನ ಪುಡಿ ಬೆರೆಸಿದ್ದು. ಒಂದು ಗುಟುಕಿಗೆ ಇದೇನು, ಗೊತ್ತಿರುವ ರುಚಿಯಲ್ಲ ಎನಿಸುತ್ತದೆ. ಎರಡನೆಯದಕ್ಕೆ ಅಜ್ಜಿಯ ಮನೆಯ ಕಪಾಟು ಕಣ್ಣಿಗೆ ಬರುತ್ತದೆ. ಅದು ಹಾರ್ಲಿಕ್ಸ್. ಜ್ವರ ಬಿಟ್ಟವರಿಗೆ, ಪರೀಕ್ಷೆಗೆ ಓದುವವರಿಗೆ ಕೊಡುತ್ತಿದ್ದ ಆ ಪುಡಿಯ ಹುಟ್ಟೂರು ಇದೇ ಅಮೆರಿಕ. ಇಂಗ್ಲೆಂಡಿನಿಂದ ಬಂದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಸೋದರರು 1873ರಲ್ಲಿ ತಮ್ಮ ವ್ಯವಹಾರ ಶುರುಮಾಡಿ, ವಿಸ್ಕಾನ್ಸಿನ್‌ನ ರಸೀನ್ ಊರಿನಲ್ಲಿ ನೆಲೆಯೂರಿ, 1883ರಲ್ಲಿ ಮಾಲ್ಟೆಡ್ ಹಾಲಿಗೆ ಪೇಟೆಂಟ್ ಪಡೆದರು. ಚಾಕೊಲೇಟ್ ಮಾಲ್ಟ್ ತರಿಸಿ ಏನೂ ಹೇಳದೆ ಹಿಂದಿನ ಸೀಟಿಗೆ ದಾಟಿಸಿ, ಯಾರು ಮೊದಲು ಕಂಡುಹಿಡಿಯುತ್ತಾರೆ ನೋಡಿ.

ಸಾನಿಕ್‌ಗೆ ಹೋದವರಿಗೆ ಚೆರಿ ಲೈಮೇಡ್ ಇದೆ. ನಿಂಬೆಹಣ್ಣಿನ ಸೋಡಾ, ಮೇಲೆ ಕೆಂಪು ಚೆರಿ ರಸ. ಕಾರಿನ ಪ್ರಯಾಣದಲ್ಲಿ ಬಳಲಿ ಬಂದವರಿಗೆ ಅದು ಸಾಕು.

ಟ್ರೇ ಬಂದಾಗ

ಇಲ್ಲಿ ಚಾಲಕನ ಗಮನ ಬೇಕು. ಟ್ರೇಗೆ ಒಂದು ಬದಿಯಲ್ಲಿ ಕೊಕ್ಕೆ ಇರುತ್ತದೆ, ಕೆಳಗೆ ರಬ್ಬರ್ ತುದಿಯ ಕಾಲು. ಕೊಕ್ಕೆ ಗಾಜಿನ ಅಂಚಿಗೆ ಸಿಕ್ಕಿಸುತ್ತಾರೆ, ಕಾಲು ಕಾರಿನ ಬಾಗಿಲಿಗೆ ಒರಗಿ ಭಾರ ಹೊರುತ್ತದೆ. ಗಾಜು ಪೂರ್ತಿ ಇಳಿದಿದ್ದರೆ ಕೊಕ್ಕೆಗೆ ಹಿಡಿತವೇ ಇಲ್ಲ, ಪೂರ್ತಿ ಏರಿದ್ದರೆ ನಿಮಗೆ ಊಟವೇ ಇಲ್ಲ. ಗಾಜು ಮೂರು ನಾಲ್ಕು ಬೆರಳಿನಷ್ಟು ಮೇಲೆ ನಿಂತಿರಲಿ. ಹೆಚ್ಚು ಕಡಿಮೆ ಮಾಡಬೇಕಿದ್ದರೆ ಕಾರ್‌ಹಾಪ್ ಹೇಳುತ್ತಾರೆ, ಅವರು ಹೇಳಿದಷ್ಟು ಮಾಡಿ.

ಟ್ರೇ ಕೂತ ಮೇಲೆ ಕಿಟಕಿಯ ಗುಂಡಿ ಮುಟ್ಟಬೇಡಿ. ಬಾಗಿಲು ತೆರೆಯಬೇಡಿ. ಇವೆರಡು ನಿಯಮಗಳನ್ನು ಮಕ್ಕಳಿಗೆ ಹೇಳುವಂತೆ ದೊಡ್ಡವರಿಗೂ ಹೇಳಬೇಕು. ಸೆಖೆ ಎಂದು ಒಬ್ಬರು ಅಭ್ಯಾಸಬಲದಿಂದ ಗಾಜು ಇಳಿಸಿದ್ದನ್ನು, ನಾಲ್ಕು ಲೋಟ ಒಟ್ಟಿಗೆ ಜಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೊರಗೆ ಜಾರಿದ್ದರಿಂದ ಬಟ್ಟೆ ಉಳಿಯಿತು.

ಎತ್ತುವಾಗ ಭಾರದ್ದನ್ನು ಮೊದಲು ಎತ್ತಿ. ಲೋಟಗಳು ಒಳಗೆ ಬಂದ ಮೇಲೆ ಟ್ರೇ ಹಗುರಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಬಿಸಿಯದ್ದು. ಕೆಚಪ್ಪನ್ನು ಮಡಿಲಿನಲ್ಲಿ ಅಲ್ಲ, ಟ್ರೇಯ ಮೇಲೆಯೇ ಕಾಗದದ ಮೂಲೆಗೆ ಸುರಿದುಕೊಳ್ಳಿ. ಬರ್ಗರಿನ ಕಾಗದವನ್ನು ಪೂರ್ತಿ ಬಿಚ್ಚದೆ ಅರ್ಧ ಮಡಿಸಿ ಹಿಡಿದರೆ ಸಾಸ್ ಅದರೊಳಗೇ ಇಳಿಯುತ್ತದೆ. ಗಾಜಿನ ಮಗ್ಗು ಕೊಟ್ಟಿದ್ದರೆ ಅದು ವಾಪಸ್ಸು ಕೊಡಬೇಕಾದದ್ದು, ನೆನಪಿನ ಕಾಣಿಕೆಯಲ್ಲ.

ಹಣದ ವಿಚಾರ

ಫಲಕದ ಬೆಲೆಗೆ ಮಾರಾಟ ತೆರಿಗೆ ಸೇರಿರುವುದಿಲ್ಲ, ಬಿಲ್ಲಿನಲ್ಲಿ ಸೇರುತ್ತದೆ. ಅದಕ್ಕೆ ಬೆರಗಾಗಬೇಡಿ.

ಟಿಪ್ಸ್ ವಿಷಯದಲ್ಲಿ ನಮ್ಮವರ ಕೈ ಬಿಗಿ ಎಂಬ ಅಪವಾದವಿದೆ. ಇಲ್ಲಿ ಅದನ್ನು ನಿಜ ಮಾಡಬೇಡಿ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕನು ನೇರವಾಗಿ ಕೊಡಲೇಬೇಕಾದ ಕನಿಷ್ಠ ಕೂಲಿ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್, 1991ರಿಂದ ಅದು ಕದಲಿಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳು ಎಲ್ಲರಿಗೂ ಪೂರ್ಣ ಕನಿಷ್ಠ ಕೂಲಿ ಕೊಡಿಸುತ್ತವೆ, ಉಳಿದ ಕಡೆ ಒಂದೊಂದು ಕಡೆ ಒಂದೊಂದು ದರ. ಬಿಲ್ಲು 40 ಡಾಲರ್ ಆದರೆ 8 ಡಾಲರ್ ಕೊಡಿ. ಮಳೆಯಲ್ಲಿ ನಿಮಗಾಗಿ ನಾಲ್ಕು ಸಲ ಓಡಿದ್ದರೆ 10 ಕೊಡಿ. ಒಂದು ಡಾಲರಿನ ನೋಟುಗಳನ್ನು ಮೊದಲೇ ತೆಗೆದಿಟ್ಟುಕೊಂಡು, ಕೈಗೇ ಕೊಡಿ.

ಯಾರು ಹಣ ಕೊಡಬೇಕು ಎಂಬ ಜಗ್ಗಾಟವನ್ನು ಕಿಟಕಿಯ ಮುಂದೆ ಆಡಬೇಡಿ. ನಾನು ಕೊಡುತ್ತೇನೆ, ನೀನು ಬೇಡ ಎಂದು ಹಿಂದಿನ ಸೀಟಿನಿಂದ ಕೈಗಳು ನುಗ್ಗುವಾಗ ಹೊರಗೆ ನಿಂತ ಹುಡುಗಿ ಯಾರ ಕಾರ್ಡ್ ತೆಗೆದುಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತಾಳೆ. ಒಬ್ಬರು ಕೊಡಿ, ಮನೆಗೆ ಹೋಗಿ ಲೆಕ್ಕ ಮಾಡಿಕೊಳ್ಳಿ.

ಹೊರಡುವುದು

ತಿಂದಾದೊಡನೆ ಎದ್ದು ಹೋಗಬೇಕಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ ಕೂರಿ. ಪಕ್ಕದ ಕಾರಿನ ಅಜ್ಜ ತನ್ನ ಹರೆಯದ ಕಾಲದ ಕಾರಿನ ಕಥೆ ತೆಗೆದರೆ ಕೇಳಿ. ಆದರೆ ಜಾಗ ಕಾಯುತ್ತಾ ಕಾರುಗಳು ಸುತ್ತುತ್ತಿದ್ದರೆ ಎದ್ದುಬಿಡಿ.

ಕಾಗದ, ಲೋಟ ಎಲ್ಲವನ್ನೂ ಟ್ರೇಗೆ ಮರಳಿಸಿ, ಮತ್ತೆ ಲೈಟ್ ಹಾಕಿ. ಕಾರ್‌ಹಾಪ್ ಬಂದು ಟ್ರೇ ಎತ್ತಿಕೊಂಡು ಹೋಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಎಂಜಿನ್ ಚಾಲೂ ಮಾಡಿ. ಟ್ರೇ ಸಮೇತ ರಸ್ತೆಗೆ ಬಂದವರಿದ್ದಾರೆ. ಮಾತಿನ ಭರದಲ್ಲಿ ಹಾಗಾಗುವುದು ದೊಡ್ಡದೇನಲ್ಲ, ಆದ್ದರಿಂದಲೇ ಹೇಳುತ್ತಿದ್ದೇನೆ. ಹಿಂದಕ್ಕೆ ತೆಗೆಯುವಾಗ ನಿಧಾನ. ಕಾರುಗಳ ನಡುವಿನಿಂದ ಯಾವ ಕ್ಷಣಕ್ಕೂ ಒಬ್ಬರು ಓಡಿಬರಬಹುದು.

ಮನೆಗೆ ಬಂದ ಮೇಲೆ ಒಂದು ಕೆಲಸ ಬಾಕಿ. ರಾತ್ರಿಯೇ ಟಾರ್ಚ್ ಹಿಡಿದು ಚಾಲಕನ ಸೀಟು ಮತ್ತು ನಡುವಿನ ಡಬ್ಬಿಯ ಸಂದಿಯಲ್ಲಿ ನೋಡಿ. ಅಲ್ಲಿ ಕಡಿಮೆಯೆಂದರೂ ಮೂರು ಫ್ರೈಸ್ ಬಿದ್ದಿರುತ್ತವೆ. ಅವು ಆ ದಿನ ಬಡಿಸಿದವನ ಪಾಲಿನವು.